ಒಂದೇ ಒಂದು ಗಿಡ ತಾನೆ!

ಕಳೆದ ಮಳೆಗಾಲದ ಒಂದು ಶನಿವಾರ. ನನ್ನ ರೂಮ್‌ಮೇಟ್ ಬಾಲ್ಕನಿಯಲ್ಲಿ ಖಾಲಿ ಕುಂಡ ಇಟ್ಕೊಂಡು ಕೂತಿದ್ದ. ಪಕ್ಕದಲ್ಲಿ ಕಾಗದದ ಪೊಟ್ಟಣ, ಒಳಗೆ ನಾಲ್ಕೈದು ಗಾಂಜಾ ಬೀಜ.

"ಬ್ರೋ, ಒಂದೇ ಒಂದು ಗಿಡ. ನಿಮ್ಮೂರಲ್ಲಿ ಹೊಲದಲ್ಲೇ ಬೆಳೀತಾರೆ ಅಂತ ನೀವೇ ಹೇಳಿದ್ರಲ್ಲ?"

ಹೌದು, ಹೇಳಿದ್ದೆ. ಟೀಮ್ ಔಟಿಂಗ್‌ನಲ್ಲಿ, ಹಳ್ಳಿಯಿಂದ ಬಂದವನು ಅನ್ನೋ ಗತ್ತಿನಲ್ಲಿ.

ಅವನ ವಾದಗಳು ಸಾಲಾಗಿ ರೆಡಿ ಇದ್ದವು. ಮೊದಲನೆಯದು, ಒಂದು ಕೆಜಿ ಒಳಗಿದ್ರೆ ಕೇಸೇ ಆಗಲ್ಲ ಅನ್ನೋದು. ತಪ್ಪು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 1 ಕೆಜಿವರೆಗಿನ ಗಾಂಜಾ 'ಸಣ್ಣ ಪ್ರಮಾಣ' ನಿಜ. ಆದರೆ ಅದು ಶಿಕ್ಷೆ ಕಡಿಮೆ ಮಾಡೋ ಗೆರೆ, ಮಾಫಿ ಮಾಡೋ ಗೆರೆ ಅಲ್ಲ. ಅದಕ್ಕೂ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಿಡ ಬೆಳೆಸೋದು ಬೇರೆಯದೇ ಅಪರಾಧ: 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. 'ಸ್ವಂತಕ್ಕೆ ಮಾತ್ರ' ಅನ್ನೋ ವಿನಾಯಿತಿ ಅಲ್ಲಿಲ್ಲ.

"ಎಲೆ ಮಾತ್ರ ಕೀಳ್ತೀನಿ. ಭಾಂಗ್ ಲೀಗಲ್ ಅಲ್ವಾ?" ಇದು ಎರಡನೆಯದು. ಹೂತುದಿ ಇಲ್ಲದ ಬರೀ ಎಲೆ, ಬೀಜ ಕಾಯ್ದೆಯ ಪ್ರಕಾರ ಗಾಂಜಾ ಅಲ್ಲ, ಸರಿ. ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ಇರೋ ಭಾಂಗ್ ಅಂಗಡಿಗಳೂ ಇವೆ. ಆದರೆ ಬೆಳೆಸೋ ವಿಷಯ ಬಂದಾಗ ಕಾಯ್ದೆ ಎಲೆ-ಹೂವು ಅಂತ ಬಿಡಿಸಿ ನೋಡಲ್ಲ, ಗಿಡವನ್ನೇ ಹಿಡಿಯುತ್ತೆ.

ಮೂರನೆಯದು ವಿಡಿಯೊಗಳು. ಕೆನಡಾದ ಬಹುತೇಕ ಕಡೆ ಮನೆಗೆ 4 ಗಿಡ, ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರಿಗೆ ತಲಾ 3. ಸರಿಯಪ್ಪ, ನಮ್ಮ ಬಾಲ್ಕನಿ ಇರೋದು ಬೆಂಗಳೂರಲ್ಲಿ. ಬಾಡಿಗೆ ಅಗ್ರಿಮೆಂಟ್ ಬೇರೆ ನನ್ನ ಹೆಸರಲ್ಲಿ. ಗೊತ್ತಿದ್ದೂ ಮನೆಯಲ್ಲಿ ಬೆಳೆಸೋಕೆ ಬಿಟ್ಟವನಿಗೂ ಅದೇ ಶಿಕ್ಷೆ.

ಆದರೆ ಅವನು ಪೊಟ್ಟಣ ಕೆಳಗಿಟ್ಟಿದ್ದು ಸೆಕ್ಷನ್‌ಗಳನ್ನು ಕೇಳಿ ಅಲ್ಲ. ಔಟಿಂಗ್‌ನಲ್ಲಿ ನಾನು ನುಂಗಿಕೊಂಡಿದ್ದ ಅರ್ಧ ಕಥೆ ಕೇಳಿ.

ನಮ್ಮ ಹಿಂದಿನ ಓಣಿಯ ಕಾಕಾ ತೊಗರಿ ಸಾಲಿನ ನಡುವೆ ಏಳೆಂಟು ಗಿಡ ಹಾಕಿದ್ದರು. ಮಾರೋಕಲ್ಲ, ಸಂಜೆ ಚಿಲುಮೆಗೆ. ಊರಿಗೆಲ್ಲ ಗೊತ್ತಿತ್ತು, ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಒಂದು ಬೆಳಿಗ್ಗೆ ಜೀಪು ಬಂತು. ಜಾಮೀನು ಸಿಗೋದ್ರಲ್ಲಿ ತಿಂಗಳುಗಳೇ ಕಳೆದವು. ವಕೀಲರ ಫೀಸಿಗೆ ಜೋಡಿ ಎತ್ತು ಹೋದವು. ಅವರ ಮಗಳು ನನ್ನ ಕ್ಲಾಸ್‌ಮೇಟ್, ಗಣಿತದಲ್ಲಿ ನನಗಿಂತ ಮುಂದೆ. ಪಿಯುಸಿ ಅರ್ಧಕ್ಕೇ ಬಿಟ್ಟಳು. ವರ್ಷಗಳಾದ ಮೇಲೆ ಕಾಕಾ ಖುಲಾಸೆಯಾದರು. ಎತ್ತು ವಾಪಸ್ ಬರಲಿಲ್ಲ, ಅವಳೂ ಕಾಲೇಜಿಗೆ ವಾಪಸ್ ಬರಲಿಲ್ಲ. ನಾನು ಬಿಇ ಮುಗಿಸಿ ಇಲ್ಲಿಗೆ ಬಂದೆ, ಅವರ ಹೊಲವನ್ನು ಜೋಕ್ ಮಾಡಿಕೊಂಡು.

ರೂಮ್‌ಮೇಟ್ ಏನೂ ಮಾತಾಡಲಿಲ್ಲ. ಆಮೇಲೆ ಬಾತ್‌ರೂಮಿನಲ್ಲಿ ಫ್ಲಶ್ ಮಾಡಿದ ಸದ್ದು ಕೇಳಿಸ್ತು.

ಕುಂಡಕ್ಕೆ ಅವ್ವ ಕಳಿಸಿದ್ದ ಪುಂಡಿ ಬೀಜ ಹಾಕಿದ್ವಿ. ಗಿಡ ಬಲಿತ ಮೇಲೆ ಎಲೆ ಬೆರಳು ಬೆರಳಾಗಿ ಸೀಳುತ್ತೆ, ದೂರದಿಂದ ನೋಡಿದ್ರೆ ಥೇಟ್ ಅದೇ. ಸೆಕ್ಯುರಿಟಿಯವರು ಒಂದಿನ ಮೇಲೆ ಬಂದು, "ಸರ್, ಇದು..." ಅಂತ ತಡವರಿಸಿದರು.

ಒಳಗೆ ಕರೆದು ರೊಟ್ಟಿ, ಪುಂಡಿ ಪಲ್ಯ ಕೊಟ್ವಿ. ಫೋನಲ್ಲಿ ಅವ್ವನಿಗೆ ಹೇಳಿದ್ರೆ ಬಿದ್ದು ಬಿದ್ದು ನಕ್ಕಳು. ಕಾಕಾನ ಮಗಳು ಹೇಗಿದ್ದಾಳೆ ಅಂತ ಆವತ್ತು ಮೊದಲ ಸಲ ಕೇಳಿದೆ.