ಮೋಡಕ್ಕೊಂದು ಮೂಟೆ

ಕಂಪ್ಯೂಟರಿನವರು ತಮ್ಮ ಉಗ್ರಾಣಕ್ಕೆ 'ಕ್ಲೌಡ್', ಎಂದರೆ ಮೋಡ, ಎಂದು ಹೆಸರಿಟ್ಟಿದ್ದಾರೆ. ಅದು ಮೋಡವೂ ಅಲ್ಲ, ಆಕಾಶದಲ್ಲಿಯೂ ಇಲ್ಲ. ನೆಲದ ಮೇಲೆ, ಕಾವಲುಗಾರರಿರುವ ಕಟ್ಟಡಗಳಲ್ಲಿ, ಸಾಲುಸಾಲಾಗಿ ನಿಂತು ಗುಂಯ್‌ಗುಡುವ ಯಂತ್ರಗಳ ರಾಶಿ. ಆದರೂ ಒಂದು ವಿಷಯದಲ್ಲಿ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಮೋಡದಿಂದ ನೀರು ಇಳಿಯುವಾಗ ಧೋ ಎಂದು ಇಳಿಯುತ್ತದೆ. ಏರುವಾಗ ಮಾತ್ರ ಯಾರ ಕಣ್ಣಿಗೂ ಬೀಳದಂತೆ, ಒಂದಿಷ್ಟೊಂದಿಷ್ಟೇ ಹಬೆಯಾಗಿ ಏರಬೇಕು.

ಮೊಬೈಲಿನಲ್ಲಿ ಸಿನಿಮಾ ನೋಡುವವರಿಗೆ ಈ ಕಷ್ಟ ತಿಳಿಯದು. ಅವರದು ಬರಿಯ ಇಳಿಸಿಕೊಳ್ಳುವ ವ್ಯಾಪಾರ. ಗುಡ್ಡದ ಮೇಲಿನ ಟವರು ಹತ್ತಾರು ವಾಟುಗಳ ಬಲದಿಂದ ಕೂಗಿ ಹೇಳುತ್ತದೆ. ನಮ್ಮ ಕೈಯಲ್ಲಿರುವ 4ಜಿ ಫೋನಿಗೆ ಮರುನುಡಿಯಲು ಸಾಮಾನ್ಯವಾಗಿ ಇರುವ ಬಲವೆಲ್ಲ ಸೇರಿ ಒಂದು ವಾಟಿನ ಐದನೆಯ ಒಂದು ಪಾಲು. ಗುಡ್ಡದವನು ಕೊಂಬು ಊದುತ್ತಾನೆ, ಕಣಿವೆಯವನು ಪಿಸುಗುಟ್ಟುತ್ತಾನೆ. ಸಾಲದುದಕ್ಕೆ, ಜನರಲ್ಲಿ ಪಡೆಯುವವರೇ ಹೆಚ್ಚು, ಕಳಿಸುವವರು ಕಡಿಮೆ ಎಂದು ದಾರಿಯ ದೊಡ್ಡ ಭಾಗವನ್ನು ಇಳಿಯುವುದಕ್ಕೇ ಬಿಟ್ಟಿರುತ್ತಾರೆ. ಹಿಂದೆ ದೂರವಾಣಿಯ ತಂತಿಯಲ್ಲಿ ಬರುತ್ತಿದ್ದ ಎಡಿಎಸ್‌ಎಲ್ ಎಂಬ ಇಂಟರ್‌ನೆಟ್ಟಿನ ಮೊದಲಕ್ಷರವೇ 'ಸಮವಲ್ಲದ್ದು' ಎಂದು ಸಾರುತ್ತಿತ್ತು. ಪಾಪ, ಅದು ತನ್ನ ಗುಣವನ್ನು ಹೆಸರಿನಲ್ಲಿಯೇ ಒಪ್ಪಿಕೊಂಡಿತ್ತು.

ಈ ಏರಿಳಿತದ ವಿಚಾರ ನನ್ನಂಥ ಎಪ್ಪತ್ತರ ಮುದುಕನ ತಲೆಗೆ ಹತ್ತಿದ್ದು ಒಂದು ಚೌಕಾಬಾರದ ಆಟದಿಂದ. ನನ್ನ ಅಕ್ಕ ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ, ನಾನು ಮೈಸೂರಿನಲ್ಲಿದ್ದೇನೆ. ಅವಳಿಗೆ ಎಂಬತ್ತು ದಾಟಿತು. ಅವಳ ಮೊಮ್ಮಗ ಬೆಂಗಳೂರಿನಲ್ಲಿ ಫೋನಿನ ಆಟಗಳನ್ನು ತಯಾರಿಸುವ ಕೆಲಸದಲ್ಲಿದ್ದಾನೆ. ಅಜ್ಜಿಗೆ ಹೊತ್ತು ಹೋಗಲೆಂದು ಅವನು ಬಿಡುವಿನ ವೇಳೆಯಲ್ಲಿ ಒಂದು ಚೌಕಾಬಾರ ಮಾಡಿಕೊಟ್ಟ. ಅವಳು ಅಲ್ಲಿ, ನಾನು ಇಲ್ಲಿ; ನಡುವೆ ಪರದೆಯ ಮೇಲೆ ಮನೆಗಳು, ಕಾಯಿಗಳು. ಆಡುತ್ತ ಮಾತನಾಡಲೂಬಹುದು. ಆದರೆ ಫೋನು ತಾನೇ ಉದುರಿಸುವ ಕವಡೆಯ ಮೇಲೆ ಅಕ್ಕನಿಗೆ ನಂಬಿಕೆಯಿಲ್ಲ. "ಅದು ನಿನ್ನ ಕಡೆಯದು ಮಾರಾಯ, ಬೇಕಾದಾಗ ಬಾರ ಕೊಡ್ತದೆ" ಎನ್ನುತ್ತಾಳೆ. ಆದ್ದರಿಂದ ಅವಳು ತನ್ನ ಹಳೆಯ ನಾಲ್ಕು ಕವಡೆಗಳನ್ನು ಮಣೆಯ ಮೇಲೆ ಹಾಕಿ, ಬಿದ್ದ ಗರವನ್ನು ಫೋನಿಗೆ ಒತ್ತಿ ತಿಳಿಸುವ ಏರ್ಪಾಡಾಯಿತು. ಎಂಬತ್ತು ವರ್ಷದ ಹೆಂಗಸು ಸುಳ್ಳು ಗರ ಹೇಳಿಯಾಳೇ ಎಂದು ವಾಚಕರು ಕೇಳಬಹುದು. ಆ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನಾನು ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ.

ಹುಡುಗನಿಗೆ ಆ ಕವಡೆಯ ಸದ್ದು ಬಹಳ ಹಿಡಿಸಿತು. ಅದನ್ನು ಹಿಡಿದಿಟ್ಟು ಆಟಕ್ಕೆ ಬಳಸಬೇಕೆಂದು, ಅಕ್ಕನ ಫೋನಿನಲ್ಲಿ ಧ್ವನಿಮುದ್ರಣ ನಡೆಯುವಂತೆ ಮಾಡಿದ. ಅಕ್ಕನನ್ನು ಕೇಳಿಯೇ ಮಾಡಿದ. "ಎಂತ ಬೇಕಾದ್ರೂ ಮಾಡ್ಕೋ" ಎಂದು ಅವಳು ಹೇಳಿದ್ದಳು. ಸದ್ದಿನ ಸೊಗಸು ಕೆಡಬಾರದೆಂದು ಅದನ್ನು ಹಿಂಡಿ ಚಿಕ್ಕದು ಮಾಡದೆ ಇದ್ದಂತೆಯೇ ಇರಿಸಿದ. ಹಾಗೆ ಇರಿಸಿದ ಧ್ವನಿ ಸೆಕೆಂಡಿಗೆ 88,200 ಬೈಟು ತಿನ್ನುತ್ತದೆ. ಎರಡು ಗಂಟೆಯ ಆಟವೆಂದರೆ ಸುಮಾರು 635 ಎಂ.ಬಿ.

ಆದರೆ ಮುದ್ರಣವಾದದ್ದು ಕವಡೆ ಮಾತ್ರವಲ್ಲ. ನಮ್ಮ ಊರು ಈಗ ಇಲ್ಲ. ಶರಾವತಿಗೆ ಕಟ್ಟಿ 1964ರಲ್ಲಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ನಾವು ಊರು ಬಿಟ್ಟಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾರು. ನನಗೆ ನೆನಪಿರುವುದು ಒಂದು ಸಂಕ, ಒಂದು ಹಲಸಿನ ಮರ, ಅಷ್ಟೆ. ಅಕ್ಕನ ತಲೆಯಲ್ಲಿ ಮಾತ್ರ ಊರು ಪೂರ್ತಿಯಾಗಿ ಒಣಗಿಯೇ ಇದೆ. ಕೂತು ಹೇಳೆಂದರೆ ಹೇಳುವವಳಲ್ಲ. ಕೈಯಲ್ಲಿ ಕವಡೆ ಇದ್ದು, ನನ್ನ ಕಾಯಿ ಸಾಯುವ ಹೊತ್ತಾದಾಗ, ಆ ಸಂತೋಷದಲ್ಲಿ ಮಾತು ತಾನಾಗಿ ಬರುತ್ತದೆ. ಒಂದು ಭಾನುವಾರ ಅವಳು ಹೊಳೆಯ ಕಡೆಯಿಂದ ಆರಂಭಿಸಿ ಊರಿನ ಮನೆಗಳನ್ನು ಒಂದೊಂದಾಗಿ ಹೇಳುತ್ತ ಹೋದಳು: ಯಾರ ಮನೆ, ಅಂಗಳದಲ್ಲಿ ಏನಿತ್ತು, ಯಾರು ಯಾರೊಡನೆ ಮಾತು ಬಿಟ್ಟಿದ್ದರು, ಎಲ್ಲವನ್ನೂ. ಎರಡು ಗಂಟೆ. ಅಷ್ಟು ಹೊತ್ತು ಅವಳು ಹಿಂದೆಂದೂ ಹೇಳಿದ್ದಿಲ್ಲ.

ಇನ್ನು ಅದನ್ನು ಮೇಲಕ್ಕೆ ಏರಿಸಬೇಕು. ಹುಡುಗನ ಮೊದಲನೆಯ ಏರ್ಪಾಡು ಬಹಳ ಸರಳವಾಗಿತ್ತು: ಫೈಲನ್ನು ಇಡಿಯಾಗಿ ಫೋನಿನ ನೆನಪಿಗೆ ತುಂಬಿಕೊಂಡು, ಒಂದೇ ಸಲಕ್ಕೆ ಕಳಿಸಿಬಿಡುವುದು. ಬೆಂಗಳೂರಿನಲ್ಲಿ ಹತ್ತು ನಿಮಿಷದ ಆಟಕ್ಕೆ ಅದು ಸರಾಗವಾಗಿ ನಡೆದಿತ್ತು. ಅಕ್ಕನ ಫೋನು 635 ಎಂ.ಬಿ.ಯನ್ನು ಎತ್ತಲು ಹೋಗಿ ಆಟವನ್ನೇ ಮುಚ್ಚಿಹಾಕಿತು. ಆಟವು ಯೂನಿಟಿ ಎಂಬ ಎಂಜಿನ್ನಿನ ಮೇಲೆ ನಡೆಯುತ್ತದೆ. ಅದರಲ್ಲಿ ಫೈಲನ್ನು ಪೂರ್ತಿ ನೆನಪಿಗೆ ಎತ್ತಿಕೊಳ್ಳದೆ, ಇದ್ದಲ್ಲಿಂದಲೇ ಓದುತ್ತ ಕಳಿಸುವ ಉಪಾಯವೂ ಉಂಟು. ಅದನ್ನು ಹಾಕಿದ. ಈಗ ಆಟ ಮುಚ್ಚಲಿಲ್ಲ, ಆದರೆ ಸಿಗ್ನಲು ಒಮ್ಮೆ ಕಡಿದರೆ ಮತ್ತೆ ಮೊದಲಿನಿಂದ. ಅಕ್ಕನ ಮನೆಯಲ್ಲಿ ಸಿಗ್ನಲು ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ; ಒಳ್ಳೆಯ ದಿನ ಸೆಕೆಂಡಿಗೆ 40 ಕೆ.ಬಿ. ಆ ವೇಗದಲ್ಲಿ ಮುಟ್ಟಬೇಕಾದರೆ ನಾಲ್ಕೂಕಾಲು ಗಂಟೆಗೂ ಹೆಚ್ಚು. ನಾಲ್ಕೂಕಾಲು ಗಂಟೆ ಕಡಿಯದ ಸಿಗ್ನಲು ಹೊಸನಗರದ ಕಾಡಿನಲ್ಲಿ! ಅದರ ಮೇಲೆ, ಆಟದಿಂದ ಹೊರಗೆ ಬಂದರೆ ಫೋನು ಆಟವನ್ನು ನಿದ್ದೆಗೆ ಹಾಕುತ್ತದೆ; ಸಾಗಣೆಯೂ ನಿಲ್ಲುತ್ತದೆ. ಅಕ್ಕ ಒಲೆಯ ಮೇಲಿನ ಹಾಲನ್ನು ಕಾಯುವಂತೆ ಆ ಫೋನನ್ನು ಕಾದಳು.

ವಿಚಿತ್ರವೆಂದರೆ, ಈ ಸಮಸ್ಯೆಗೆ ಪರಿಹಾರ ಅದೇ ಧ್ವನಿಮುದ್ರಣದೊಳಗೆ ಇತ್ತು. ಊರು ಬಿಡುವಾಗ ಅಪ್ಪ ಮನೆಯನ್ನು ಬಿಚ್ಚಿಸಿದ ಕಥೆಯನ್ನು ಅಕ್ಕ ಆ ದಿನ ಹೇಳಿದ್ದಳು. ಕಂಬ, ತೊಲೆ, ಜಂತಿ, ಬಾಗಿಲುವಾಡ, ಒಂದೊಂದಕ್ಕೂ ಅಪ್ಪ ಕೆಮ್ಮಣ್ಣಿನಲ್ಲಿ ಅಂಕೆ ಬರೆದು, ಅದನ್ನು ಕಾಗದದಲ್ಲಿಯೂ ಗುರುತು ಹಾಕಿಕೊಂಡರಂತೆ. ಗಾಡಿಗಳು ಹೋದವು, ಲಾರಿ ಹೋಯಿತು. ಯಾವುದು ಮೊದಲು ಮುಟ್ಟಿತು, ಯಾವುದು ಆಮೇಲೆ ಎಂಬುದು ಲೆಕ್ಕಕ್ಕಿಲ್ಲ. ಆ ಕಡೆ ನಿಂತಿದ್ದ ಚಿಕ್ಕಪ್ಪ, ಬಂದ ಅಂಕೆಗಳನ್ನು ಬರೆದು ಚೀಟಿ ಕಳಿಸುತ್ತಿದ್ದರು. ಚೀಟಿ ಬರುವ ತನಕ ಅಪ್ಪ ಆ ಸಾಮಾನನ್ನು ಮುಟ್ಟಿತೆಂದು ಒಪ್ಪುತ್ತಿರಲಿಲ್ಲ.

ದೊಡ್ಡ ಫೈಲನ್ನು ಮೋಡಕ್ಕೆ ಸಾಗಿಸುವುದು ಕೂಡ ಅಕ್ಷರಶಃ ಹೀಗೆಯೇ ಎಂದು ಹುಡುಗ ನನಗೆ ವಿವರಿಸಿದ. 2006ರಲ್ಲಿ ತೆರೆದ ಅಮೆಜಾನಿನ ಎಸ್-3 ಉಗ್ರಾಣದಲ್ಲಿ ಈ ತುಂಡು ಸಾಗಣೆ 2010ರ ನವೆಂಬರಿನಲ್ಲಿ ಬಂತು. ಕೊನೆಯದರ ಹೊರತು ಯಾವ ತುಂಡೂ 5 ಎಂ.ಬಿ.ಗಿಂತ ಚಿಕ್ಕದಿರಬಾರದು; ತುಂಡುಗಳು 10,000 ಮೀರಬಾರದು. ಪ್ರತಿ ತುಂಡಿಗೂ ಅಂಕೆ. ಮುಟ್ಟಿದ ಪ್ರತಿಯೊಂದಕ್ಕೂ ಉಗ್ರಾಣ ಒಂದು ರಸೀತಿ ಕೊಡುತ್ತದೆ. ಹುಡುಗನ ಏರ್ಪಾಡಿನಲ್ಲಿ ಆ ರಸೀತಿಯೆಂದರೆ ರೊನಾಲ್ಡ್ ರಿವೆಸ್ಟ್ 1991ರಲ್ಲಿ ರಚಿಸಿದ ಎಂ.ಡಿ.5 ಎಂಬ ಲೆಕ್ಕದಿಂದ ಬಂದ 32 ಅಕ್ಷರಗಳು. ತುಂಡಿನಲ್ಲಿ ಒಂದು ಬೈಟು ವ್ಯತ್ಯಾಸವಾದರೂ ರಸೀತಿ ಗುರುತು ಸಿಗದಷ್ಟು ಬದಲಾಗುತ್ತದೆ. ಉಗ್ರಾಣದ ಬೀಗದ ಕೈಯನ್ನು ಆಟದೊಳಗೆ ಇಡುವುದಿಲ್ಲ. ಬಿಚ್ಚಿ ನೋಡಿದವನು ಕದ್ದಾನು. ಗೊತ್ತಾದ ಹೊತ್ತಿಗೆ ಮಾತ್ರ ಸಲ್ಲುವ, ಸಹಿ ಮಾಡಿದ ವಿಳಾಸವನ್ನು ಪ್ರತಿ ತುಂಡಿಗೂ ಕೊಡುತ್ತಾರೆ. ಎಲ್ಲ ಮುಟ್ಟಿದ ಮೇಲೆ, ರಸೀತಿಗಳ ಪಟ್ಟಿ ಕೊಟ್ಟು 'ಇನ್ನು ಕೂಡಿಸಿ' ಎಂದು ಹೇಳಬೇಕು. ಹಾಗೆ ಹೇಳುವವರೆಗೆ ಅದು ಫೈಲೇ ಅಲ್ಲ. ಅಂಗಳದಲ್ಲಿ ಬಿದ್ದ ತೊಲೆಗಳ ರಾಶಿ. ಉಗ್ರಾಣದ ಪಟ್ಟಿಯಲ್ಲಿ ಕಾಣುವುದಿಲ್ಲ, ಬಾಡಿಗೆ ಮಾತ್ರ ಏರುತ್ತಿರುತ್ತದೆ.

ಅಕ್ಕನ ಎರಡು ಗಂಟೆಯನ್ನು ಅವನು ಹತ್ತು ಹತ್ತು ಎಂ.ಬಿ.ಯಂತೆ ಕತ್ತರಿಸಿದಾಗ ಅರವತ್ತನಾಲ್ಕು ತುಂಡುಗಳಾದವು. ವಿದ್ಯೆಗಳೂ ಅರವತ್ತನಾಲ್ಕೇ ಎಂದು ನಾನು ಹೇಳಿದೆ. ಹುಡುಗನಿಗೆ ಆ ಮಾತಿನಲ್ಲಿ ಆಸಕ್ತಿ ಹುಟ್ಟಲಿಲ್ಲ. ಒಂದೊಂದು ತುಂಡಿನಲ್ಲಿ ಎರಡು ನಿಮಿಷಕ್ಕೆ ತುಸು ಕಡಿಮೆ ಮಾತು. ಒಮ್ಮೆಗೆ ಮೂರರಂತೆ ಸಾಗಿದವು. ಸಿಗ್ನಲು ಕಡಿದರೆ ಕಡಿದ ತುಂಡು ಮಾತ್ರ ಮತ್ತೆ ಹೊರಡುತ್ತಿತ್ತು. ಮಧ್ಯಾಹ್ನದಿಂದ ಸಂಜೆಯವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು.

ಸಂಜೆ ಗುಡುಗಿತು. ಮೇ ತಿಂಗಳ ಮಲೆನಾಡಿನಲ್ಲಿ ಅದೇನೂ ಹೊಸದಲ್ಲ. ಫೋನು ಚಾರ್ಜಿಗೆ ಇತ್ತು. ಸಿಡಿಲು ಮನೆಗೆ ಬೀಳಲಿಲ್ಲ, ತಂತಿಗೆಲ್ಲೋ ಬಿತ್ತು, ಫೋನು ಸುಟ್ಟಿತು. ಪೇಟೆಯ ರಿಪೇರಿಯವನು ಬಿಚ್ಚಿ ನೋಡಿ, ಬೋರ್ಡೇ ಹೋಗಿದೆ ಎಂದು ತಲೆಯಾಡಿಸಿದ. ಹುಡುಗ ಬೆಂಗಳೂರಿನಲ್ಲಿ ಉಗ್ರಾಣದ ಪಟ್ಟಿ ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ. ರಸೀತಿಗಳೆಲ್ಲ ಫೋನಿನೊಡನೆ ಹೋಗಿದ್ದವು.

ಐದನೆಯ ದಿನ ರಾತ್ರಿ ಅವನಿಗೆ ಹೊಳೆಯಿತಂತೆ: ಮುಗಿಯದ ಸಾಗಣೆಗಳನ್ನು ಏಳು ದಿನಗಳ ಮೇಲೆ ಗುಡಿಸಿಹಾಕಬೇಕೆಂದು, ಬಾಡಿಗೆ ಉಳಿಸಲು, ತಾನೇ ಒಂದು ನಿಯಮ ಬರೆದಿಟ್ಟಿದ್ದಾನೆ. ಗುಡಿಸುವುದಕ್ಕೆ ಇನ್ನೂ ಇದೆಯೆಂದ ಮೇಲೆ ಗುಡಿಸತಕ್ಕದ್ದೂ ಇರಲೇಬೇಕಲ್ಲ? ಪಟ್ಟಿಯಲ್ಲಿ ಕಾಣದಿದ್ದರೂ, ಬಂದ ತುಂಡುಗಳ ಅಂಕೆಯನ್ನೂ ರಸೀತಿಯನ್ನೂ ಬೇರೆಯಾಗಿ ಕೇಳಿದರೆ ಉಗ್ರಾಣ ಹೇಳುತ್ತದೆ. ಕೇಳಿದ. ಒಂದರಿಂದ ಮೂವತ್ತೆಂಟರವರೆಗೆ ಇತ್ತು. ಮೂವತ್ತೊಂಬತ್ತು ಇಲ್ಲ. ನಲವತ್ತು, ನಲವತ್ತೊಂದು ಇತ್ತು. ಮುಂದೆ ಇಲ್ಲ. ಅಂಕೆ ಏರುತ್ತ ಹೋದರೆ ಸಾಕು, ನಡುವೆ ಒಂದು ತಪ್ಪಿದರೂ ಉಗ್ರಾಣ ಆಕ್ಷೇಪಿಸುವುದಿಲ್ಲ. ಇರುವ ನಲವತ್ತನ್ನೇ ಕೂಡಿಸೆಂದು ಹೇಳಿದ. ಹಿಂಡದೆ ಇಟ್ಟ ಧ್ವನಿಯಾದ್ದರಿಂದ, ಬಾಲ ಕಡಿದರೂ ನಡು ಹರಿದರೂ ಉಳಿದದ್ದು ಕೇಳಿಸಿತು. ಹಾಗೆ ಒಂದು ಗಂಟೆ ಹದಿನೈದು ನಿಮಿಷ ಉಳಿಯಿತು.

ಅದು ಮುಂಬಯಿಯ ಕಡೆಯ ಒಂದು ಕಟ್ಟಡದಲ್ಲಿದೆ ಎಂದು ತಿಳಿದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ನೀರು ಬರೂದಿಲ್ವಾ?" ಹುಡುಗ ನಕ್ಕು, ಒಂದೇ ಕಡೆ ಇಟ್ಟಿರುವುದಿಲ್ಲ ಎಂದು ಸಮಾಧಾನ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ. ಊರು ಮುಳುಗುವುದಿಲ್ಲವೆಂದು ಅವಳಿಗೆ ಹದಿನೈದನೆಯ ವಯಸ್ಸಿನವರೆಗೂ ಎಲ್ಲರೂ ಹೇಳುತ್ತಿದ್ದರು.

ನಾನು ಕೂತು ಪೂರ್ತಿ ಕೇಳಿದೆ. ಕವಡೆ ಉರುಳುತ್ತದೆ, ನನ್ನ ಕಾಯಿ ಸಾಯುತ್ತದೆ, ಮನೆಗಳು ಒಂದೊಂದಾಗಿ ಏಳುತ್ತವೆ. ಮೂವತ್ತೆಂಟನೆಯದರ ಕೊನೆಗೆ ಅಕ್ಕ ಸೊಪ್ಪಿನ ಬೆಟ್ಟದ ತಿರುವಿಗೆ ಬರುತ್ತಾಳೆ. "ಅಲ್ಲಿ ಬಲಕ್ಕೆ ಒಂದು ಮನೆ. ಆ ಮನೆಯಲ್ಲಿ" ಎನ್ನುತ್ತಾಳೆ. ಮರುಕ್ಷಣ, ಉಸಿರು ಕೂಡ ತೆಗೆಯದೆ, "ಅದಕ್ಕೇ ಅಪ್ಪ ಸಾಯೂವರೆಗೆ ಆ ಹೆಸರು ಎತ್ತಲಿಲ್ಲ" ಎನ್ನುತ್ತಾಳೆ. ಆ ಭಾನುವಾರ ಅದೇ ಹೊತ್ತಿಗೆ ಸಿಗ್ನಲು ಕೆಟ್ಟು ನನ್ನ ಕಿವಿಗೂ ಮಾತು ತಲಪಿರಲಿಲ್ಲ.

ಹೇಳಿದವಳು ಜೀವಂತವಿರುವಾಗ ಚಿಂತೆಯೇನು ಎಂದು ನಾನು ಫೋನು ಮಾಡಿ ಕೇಳಿದೆ. ಉಳಿದ ಮನೆಗಳನ್ನು ಅಕ್ಕ ಬೇಸರವಿಲ್ಲದೆ ಮತ್ತೆ ಹೇಳಿದಳು. ಕ್ರಮ ಸ್ವಲ್ಪ ಹಿಂದುಮುಂದಾಯಿತು, ಒಂದು ಹಲಸಿನ ಮರ ರಸ್ತೆಯ ಆ ಬದಿಗೆ ಹೋಯಿತು. ಎಂ.ಡಿ.5 ಖಂಡಿತ ಒಪ್ಪುತ್ತಿರಲಿಲ್ಲ, ನಾನು ಒಪ್ಪಿದೆ. ಬೆಟ್ಟದ ತಿರುವಿನ ಮನೆ ಮಾತ್ರ ಈ ಸಲ ಬರಲೇ ಇಲ್ಲ. ನಾನಾಗಿ ನೆನಪಿಸಿದೆ.

"ಅಲ್ಲಿ ಎಂತ ಮನೆ ಮಾರಾಯ, ಬರೇ ಕಾಡು" ಎಂದಳು.

ಹುಡುಗ ಅಜ್ಜಿಗೆ ಹೊಸ ಫೋನು ತಂದುಕೊಟ್ಟಿದ್ದಾನೆ. ಆಟ ಮುಗಿಯುವವರೆಗೆ ಕಾಯದೆ, ಆಡುತ್ತಿರುವಾಗಲೇ ಒಂದೊಂದು ತುಂಡು ಹೊರಡುವಂತೆ ಮಾಡಿದ್ದಾನೆ. ಸಿಡಿಲು ಬಡಿದರೂ ಹೋಗುವುದು ಕೊನೆಯ ಕೆಲವು ನಿಮಿಷ ಮಾತ್ರ. ಮೊದಲನೆಯ ದಿನ ಕವಡೆ ಕೈಗೆತ್ತಿಕೊಂಡು ಅಕ್ಕ ಕೇಳಿದಳು: "ಈಗ ಆಡಿದ್ದು ಈಗಲೇ ಮೇಲೆ ಹೋಗ್ತದಾ?" ಹೋಗುತ್ತದೆ ಎಂದೆ. "ಹೂಂ" ಎಂದಳು.

ಆ ದಿನ ಅವಳು ಎರಡು ಆಟ ಗೆದ್ದಳು. ಊರಿನ ಸುದ್ದಿ ಬರಲಿಲ್ಲ. ಒಂದು ತುಂಡೂ ತಪ್ಪದೆ ಎಲ್ಲವೂ ಮುಟ್ಟಿದೆಯಂತೆ. ಕವಡೆಯ ಸದ್ದು ಬಹಳ ಸ್ಪಷ್ಟವಾಗಿ ಬಂದಿದೆ ಎಂದು ಹುಡುಗ ಹೇಳಿದ.