ಕಿಟಕಿಯ ತೆರೆ

ಕನ್ನಡದಲ್ಲಿ 'ತೆರೆ' ಎಂಬುದು ವಿಚಾರ ಮಾಡತಕ್ಕ ಶಬ್ದ. ನಾಮಪದವಾಗಿ ಬಳಸಿದಾಗ ಅದು ಮರೆಮಾಡುವ ಬಟ್ಟೆ. ಕ್ರಿಯಾಪದವಾಗಿ ಬಳಸಿದಾಗ ಮುಚ್ಚಿದ್ದನ್ನು ಬಿಚ್ಚು ಎಂದು ಅರ್ಥ. ಮುಚ್ಚುವ ವಸ್ತುವಿಗೂ ಬಿಚ್ಚುವ ಕ್ರಿಯೆಗೂ ನಮ್ಮ ಭಾಷೆಗೆ ಒಂದೇ ಮಾತು ಸಾಕಾಯಿತು. ಸಂಸ್ಕೃತದ ಯವನಿಕೆ ನಮ್ಮಲ್ಲಿ ಜವನಿಕೆಯಾಯಿತು. ಪಾರಸಿಯ ಪರ್ದಾ ಪರದೆಯಾಯಿತು. ಇಂಗ್ಲಿಷಿನ ಕರ್ಟನ್ ಈಗ ಹಳ್ಳಿಯ ಮನೆಗಳಲ್ಲಿಯೂ ಕೇಳಿಬರುತ್ತದೆ. ಹೆಸರು ಯಾವುದೇ ಇರಲಿ, ಕೆಲಸ ಒಂದೇ. ಯಕ್ಷಗಾನದಲ್ಲಿ ಇಬ್ಬರು ಹಿಡಿದ ತೆರೆಯ ಹಿಂದೆ ವೇಷಧಾರಿ ಕುಣಿಯುವುದನ್ನು ನೋಡಿದವರಿಗೆ ತಿಳಿದೇ ಇದೆ, ಆ ಬಟ್ಟೆ ಅಲ್ಲಿರುವುದು ಸರಿಯುವುದಕ್ಕಾಗಿ. ಮನೆಯ ಕಿಟಕಿಗೆ ಹಾಕುವ ತೆರೆಯನ್ನು ಆರಿಸುವಾಗಲೂ ಎಷ್ಟು ಮುಚ್ಚಬೇಕು, ಎಷ್ಟು ಬಿಚ್ಚಿರಬೇಕು ಎಂಬುದೇ ಮುಖ್ಯ ವಿಚಾರ. ಬಣ್ಣ, ಚಿತ್ತಾರ, ಬೆಲೆ ಇವೆಲ್ಲ ಅನಂತರದ ಮಾತು.

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಿಗೆ ಈ ಪ್ರಶ್ನೆಯೇ ಇರಲಿಲ್ಲ. ಗೋಡೆಗಳು ಮೊಳಕ್ಕಿಂತ ಹೆಚ್ಚು ದಪ್ಪ, ಕಿಟಕಿಗಳು ಚಿಕ್ಕವು, ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುತ್ತಿತ್ತು. ಬಾಲ್ಯದಲ್ಲಿ ನಾವು ಓದಿದ ಮಠದಲ್ಲಿಯೂ ಕಿಟಕಿಗಳಿಗೆ ಸರಳುಗಳಿದ್ದವು, ಕದಗಳಿದ್ದವು. ಪರದೆ ಎಂಬುದನ್ನು ನಾವು ನೋಡಿದ್ದಿಲ್ಲ. ಕಡು ಬೇಸಿಗೆಯಲ್ಲಿ ಅತಿಥಿಗಳು ಬಂದರೆ ಅವರ ಕೋಣೆಯ ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸುತ್ತಿದ್ದೆವು. ಇಂದಿನ ಮನೆಗಳ ರೀತಿಯೇ ಬೇರೆ. ಗೋಡೆ ತೆಳುವಾಯಿತು, ಕಿಟಕಿ ಅಗಲವಾಯಿತು, ಮರದ ಕದವಿದ್ದ ಸ್ಥಳದಲ್ಲಿ ಜಾರುವ ಗಾಜು ಬಂದಿತು. ಒಂದು ಮನೆಯ ಕಿಟಕಿಯೆದುರು ಇನ್ನೊಂದು ಮನೆಯ ಕಿಟಕಿ ನಿಂತಿತು. ಆದುದರಿಂದ ಪರದೆಯನ್ನು ಕೇವಲ ಶೋಕಿಯ ವಸ್ತುವೆಂದು ತಳ್ಳಿಹಾಕುವಂತಿಲ್ಲ; ಅದು ಗೃಹಸ್ಥರ ಅಗತ್ಯಗಳಲ್ಲಿ ಒಂದಾಗಿದೆ. ಅಗತ್ಯವಾದುದರಿಂದಲೇ ಅದರ ಆಯ್ಕೆಯಲ್ಲಿ ವಿವೇಕ ಬೇಕು.

ಸಾಮಾನ್ಯವಾಗಿ ಏನಾಗುತ್ತದೆ? ಗೃಹಪ್ರವೇಶಕ್ಕೆ ನಾಲ್ಕು ದಿನ ಉಳಿದಿರುವಾಗ ಅಂಗಡಿಗೆ ಹೋಗುತ್ತೇವೆ. ಸೋಫಾದ ಬಣ್ಣಕ್ಕೆ ಹೊಂದುವುದನ್ನು ಹುಡುಕುತ್ತೇವೆ. ಬಂದವರು ಮೆಚ್ಚಬೇಕೆಂದು ಪಡಸಾಲೆಯ ಕಿಟಕಿಗೆ ಹೆಚ್ಚು ಹಣ ಸುರಿಯುತ್ತೇವೆ. ಬಂದವರು ಚಹಾ ಕುಡಿದು ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ಆ ಕಿಟಕಿಯ ಹಿಂದೆ ದಿನವಿಡೀ ಇರುವವರು ಮನೆಯವರು. ಪರದೆಯನ್ನು ಆರಿಸುವ ಮೊದಲು ಪ್ರತಿಯೊಂದು ಕಿಟಕಿಯ ಮುಂದೆ ನಿಂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತವೆಂದು ನಮ್ಮ ಅಭಿಪ್ರಾಯ. ಈ ಕಿಟಕಿಗೆ ಬಿಸಿಲು ಬರುವುದು ಯಾವ ಹೊತ್ತಿಗೆ? ಹೊರಗಿನವರ ದೃಷ್ಟಿ ಎಲ್ಲಿಂದ ಬೀಳುತ್ತದೆ? ಈ ಕೋಣೆಯಲ್ಲಿ ಇರುವವರು ಯಾರು?

ಮೂರನೆಯ ಪ್ರಶ್ನೆಯೇ ಹೆಚ್ಚಿನದೆಂಬುದನ್ನು ನಮಗೆ ಮನಗಾಣಿಸಿದ್ದು ನಮ್ಮ ಅಣ್ಣನ ಮಗನ ಮನೆ. ಆತ ಧಾರವಾಡದಲ್ಲಿ ಹೊಸ ಮನೆ ಕಟ್ಟಿಸಿದನು. ಅವನ ಪತ್ನಿ ಆಸ್ಪತ್ರೆಯಲ್ಲಿ ದಾದಿ. ತಿಂಗಳಲ್ಲಿ ಹಲವು ದಿನ ರಾತ್ರಿ ಪಾಳಿ ಮುಗಿಸಿ ಬಂದು ಹಗಲಿನಲ್ಲಿ ನಿದ್ರಿಸಬೇಕು. ಅವಳ ಅನುಕೂಲಕ್ಕೆಂದು ಬೆಳಕನ್ನು ಪೂರ್ತಿ ತಡೆಯುವ ದಪ್ಪ ಪರದೆಗಳನ್ನು ತಂದರು. ಒಂದೇ ನಮೂನೆ ಇದ್ದರೆ ಅಂದವೆಂದು ಎಲ್ಲ ಕೋಣೆಗಳಿಗೂ ಅದನ್ನೇ ಹಾಕಿದರು. ನಮ್ಮ ಅತ್ತಿಗೆಯವರಿಗೆ ಎಂಬತ್ತು ಸಮೀಪಿಸಿದೆ. ಕಣ್ಣು ಮಸುಕಾಗಿದೆ, ನಡಿಗೆ ಕಡಿಮೆಯಾಗಿದೆ. ಅವರ ಕೋಣೆ ಪಶ್ಚಿಮಕ್ಕಿದೆ. ಎದ್ದು ಹೋಗಿ ಆ ಭಾರವಾದ ಬಟ್ಟೆಯನ್ನು ಎಳೆಯುವುದು ಅವರಿಂದಾಗದು. ಕೆಲಸಕ್ಕೆ ಹೋಗುವವರಿಗೆ ಅದನ್ನು ಸರಿಸಿಡುವ ನೆನಪಿರದು. ನಾವು ಹೋದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅವರ ಕೋಣೆಯಲ್ಲಿ ಕತ್ತಲೆಯಿತ್ತು. ಆರೋಗ್ಯ ವಿಚಾರಿಸಿದೆವು.

"ತಮ್ಮಾ, ಮುಂಜಾನಿ ಆತೋ ಸಂಜಿ ಆತೋ ಒಂದೂ ತಿಳೀವಲ್ದು. ಚಾ ತಂದ್ರ ಮುಂಜಾನಿ ಅಂತ ತಿಳಕೋತೀನಿ" ಎಂದರು.

ಆ ಮಾತಿನಲ್ಲಿ ದೂರಿರಲಿಲ್ಲ. ಆದ್ದರಿಂದಲೇ ಅದು ಕೇಳಿದವರ ಮನಸ್ಸಿಗೆ ನಾಟಿತು. ಊಟದ ಹೊತ್ತಿನಲ್ಲಿ ಈ ವಿಷಯ ಬಂದಾಗ ಅಣ್ಣನ ಮಗನು, "ಎಲ್ಲಾ ಕೋಣಿಗೂ ಒಂದ ನಮೂನಿ ಇದ್ರ ಛಂದ ಕಾಣಸ್ತದ ಕಾಕಾ" ಎಂದನು. ಆಗ ಅತ್ತಿಗೆಯವರು ನಗುತ್ತ ಹಳೆಯ ಸಂಗತಿಯೊಂದನ್ನು ತೆಗೆದರು. ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾವಿನ್ನೂ ಬಾಲಕರು. ಮನೆಯಲ್ಲಿ ಹದಿನಾರು ಜನ, ಕೋಣೆಗಳು ಮೂರು. ಅವರ ಬಾಣಂತನದಲ್ಲಿ ನಮ್ಮ ತಾಯಿಯವರು ನಡುಮನೆಯ ಒಂದು ಮೂಲೆಗೆ ಹಗ್ಗ ಕಟ್ಟಿ ಹಳೆಯ ಇಳಕಲ್ ಸೀರೆಯನ್ನು ಇಳಿಬಿಟ್ಟಿದ್ದರು. ನಮ್ಮ ಮನೆ ಕಂಡ ಮೊದಲ ಪರದೆ ಅದು.

"ಆ ಸೀರಿ ಹಿಂದಿನ ಮೂಲಿ, ಹದಿನಾರು ಮಂದಿ ಮನ್ಯಾಗ ಅದೊಂದ ನನ್ನ ಮನಿ ಆಗಿತ್ತು. ಆವಾಗ ಮರಿ ಬೇಕಾಗಿತ್ತು. ಈಗ ಬೆಳಕು ಬೇಕು" ಎಂದರು.

ಸೊಸೆಯು ತಟ್ಟನೆ, "ಅತ್ತೀ, ಈ ದಪ್ಪಂದು ನನ್ನ ಕೋಣಿಗಿರ್ಲಿ. ನಿಮಗ ಬ್ಯಾರೆ ತರೂಣು" ಎಂದಳು. ಮರುದಿನವೇ ಬಿಳಿಯ ತೆಳುವಾದ ಖಾದಿಯನ್ನು ತಂದು ಹೊಲಿಸಿದಳು. ಕಿಟಕಿಗೆ ಎರಡು ಸಲಾಕೆಗಳನ್ನು ಹಾಕಿಸಿ, ಒಳಗಿನದಕ್ಕೆ ತೆಳು ಬಟ್ಟೆಯನ್ನೂ, ಹೊರಗಿನದಕ್ಕೆ ಪಡುವಣ ಬಿಸಿಲು ಬೀಳುವ ಮೂರು ತಾಸಿಗೆ ಮಾತ್ರ ಎಳೆಯಲು ಮಧ್ಯಮ ದಪ್ಪದ ಕೈಮಗ್ಗದ ಬಟ್ಟೆಯನ್ನೂ ತೂಗುಹಾಕಿದರು. ಒಂದೇ ಬಟ್ಟೆ ಒಂದು ಕೋಣೆಯಲ್ಲಿ ಉಪಕಾರಿಯಾಗಿತ್ತು, ಪಕ್ಕದ ಕೋಣೆಯಲ್ಲಿ ಸೆರೆಯಾಗಿತ್ತು. ಬಟ್ಟೆಯಲ್ಲಿ ದೋಷವಿರಲಿಲ್ಲ, ಅದರ ಹಿಂದೆ ಇರುವವರು ಯಾರೆಂದು ಯಾರೂ ಕೇಳಿರಲಿಲ್ಲ.

ಇನ್ನು ದಿಕ್ಕಿನ ವಿಚಾರ. ಮೂಡಣ ಕಿಟಕಿಯ ಎಳೆಬಿಸಿಲಿಗೆ ತೆಳುವಾದ ಹತ್ತಿ ಬಟ್ಟೆ ಸಾಕು. ಪಡುವಣ ಬಿಸಿಲು ಓರೆಯಾಗಿ ಕೋಣೆಯ ಒಳಗಿನವರೆಗೆ ನುಗ್ಗುತ್ತದೆ. ಗಾಜನ್ನು ದಾಟಿ ಒಳಬಂದ ಬಿಸಿಲು ಶಾಖವಾಗಿ ಒಳಗೇ ಉಳಿಯುತ್ತದೆ. ಆದುದರಿಂದ ಪರದೆಗಿಂತ ಕಿಟಕಿಯ ಹೊರಗೆ ಕಟ್ಟುವ ಬಿದಿರಿನ ತಟ್ಟಿಯೇ ಮೇಲು. ಒಳಗಿನ ಪರದೆಯೇ ಬೇಕಾದರೆ ಗಾಜಿನ ಕಡೆಗೆ ಬಿಳಿಯ ಅಸ್ತರಿ ಇರಲಿ. ಅದು ಬಿಸಿಲನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ದಟ್ಟ ಬಣ್ಣದ ಬಟ್ಟೆ ಬಿಸಿಲನ್ನು ಹೀರಿ ತಾನೂ ಕಾಯುತ್ತದೆ, ಬಣ್ಣವನ್ನೂ ಬೇಗ ಕಳೆದುಕೊಳ್ಳುತ್ತದೆ. ಜಾಲರಿಯಂಥ ತೆಳು ಪರದೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಗಲಿನಲ್ಲಿ ಹೊರಗೆ ಬೆಳಕು ಹೆಚ್ಚಿರುವುದರಿಂದ ಒಳಗಿನದು ಹೊರಗಿನವರಿಗೆ ಕಾಣದು. ರಾತ್ರಿ ಒಳಗೆ ದೀಪ ಹಚ್ಚಿದೊಡನೆ ಎಲ್ಲವೂ ತಿರುವುಮುರುವಾಗುತ್ತದೆ. ಮಲಗುವ ಕೋಣೆಗೆ ಜಾಲರಿಯೊಂದನ್ನೇ ನೆಚ್ಚಬಾರದು.

ಬಟ್ಟೆಯ ಗುಣಗಳನ್ನು ಅರಿತು ಕೊಳ್ಳಬೇಕು. ಹತ್ತಿಯ ಬಟ್ಟೆ ಗಾಳಿಯಾಡಲು ಬಿಡುತ್ತದೆ, ಒಗೆದಂತೆ ಮೆತ್ತಗಾಗುತ್ತದೆ; ಆದರೆ ಮೊದಲ ನೀರಿಗೆ ಕುಗ್ಗುತ್ತದೆ. ಖಾದಿ ಮತ್ತು ಕೈಮಗ್ಗದ ಬಟ್ಟೆಯನ್ನಂತೂ ಹೊಲಿಯುವ ಮೊದಲೇ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ದರ್ಜಿಗೆ ಕೊಡಬೇಕು. ಲಿನನ್ ಎಂಬುದು ಪರದೇಶದ ವಸ್ತುವೆಂದು ತಿಳಿದವರುಂಟು. ನಮ್ಮ ಹೊಲಗಳಲ್ಲಿ ಬೆಳೆದು, ನಮ್ಮ ತಾಟಿನಲ್ಲಿ ಚಟ್ನಿಪುಡಿಯಾಗುವ ಅಗಸಿಯ ಜಾತಿಯ ಗಿಡದ ಕಾಂಡದ ನಾರಿನಿಂದಲೇ ಅದನ್ನು ನೇಯುತ್ತಾರೆ. ಅದು ಗಟ್ಟಿಯಾದದ್ದು, ತಂಪಾದದ್ದು. ಆದರೆ ಬೆಲೆ ಹೆಚ್ಚು, ಸುಕ್ಕೂ ಹೆಚ್ಚು. ರೇಷ್ಮೆ ನೇರ ಬಿಸಿಲನ್ನು ತಾಳದು. ಅಸ್ತರಿಯಿಲ್ಲದೆ ಬಿಸಿಲಿನ ಕಿಟಕಿಗೆ ಹಾಕಿದರೆ ಕೆಲವು ವರ್ಷಗಳಲ್ಲಿ ಎಳೆ ಸೊರಗಿ ಸೀಳುತ್ತದೆ. ಮಖಮಲ್ಲು ನೋಡಲು ಗಂಭೀರ, ಆದರೆ ಧೂಳಿನ ತವರು. ಉಬ್ಬಸವಿರುವವರ ಮನೆಗೆ ಅದು ಸಲ್ಲದು. ಪಾಲಿಯೆಸ್ಟರ್ ಕುಗ್ಗದು, ಸುಕ್ಕಾಗದು, ಬೇಗ ಒಣಗುತ್ತದೆ. ದುಡಿಯುವ ಗೃಹಿಣಿಗೆ ಅದರಿಂದ ಅನುಕೂಲವಿದೆಯೆಂಬುದನ್ನು ಒಪ್ಪಬೇಕು. ಆದರೆ ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿಯಾದರೋ ಬಲುಬೇಗ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಅಡಿಗೆಯ ಒಲೆಯ ಬಳಿಯಲ್ಲಾಗಲಿ, ದೇವರ ಮನೆಯ ದೀಪದ ಬಳಿಯಲ್ಲಾಗಲಿ ಯಾವ ಬಟ್ಟೆಯೂ ತೂಗಾಡಬಾರದು. ಗಾಳಿ ಬೀಸಿದರೆ ಪರದೆ ಎಲ್ಲಿಯವರೆಗೆ ಬರುತ್ತದೆಂಬುದನ್ನು ನೋಡಿಯೇ ಸ್ಥಳ ಗೊತ್ತುಮಾಡಬೇಕು.

ಅಳತೆಯಲ್ಲಿ ಹಲವರು ಜಿಪುಣತನ ತೋರುತ್ತಾರೆ. ಕಿಟಕಿಯಷ್ಟೇ ಅಗಲದ ಬಟ್ಟೆ ಹಾಕಿದರೆ ಅದು ಒಣಗಹಾಕಿದ ಪಂಚೆಯಂತೆ ಕಾಣುತ್ತದೆ. ಸಲಾಕೆಯು ಕಿಟಕಿಯ ಎರಡೂ ಬದಿಗೆ ಆರಾರು ಇಂಚು ಹೆಚ್ಚಿಗೆ ಇರಲಿ. ಆಗ ಪರದೆಯನ್ನು ಸರಿಸಿದಾಗ ಅದು ಗೋಡೆಯ ಮೇಲೆ ನಿಂತು, ಕಿಟಕಿಯ ಬೆಳಕೆಲ್ಲ ಒಳಗೆ ಬರುತ್ತದೆ. ಬಟ್ಟೆಯ ಅಗಲವು ತೆಳು ಬಟ್ಟೆಯಾದರೆ ಸಲಾಕೆಯ ಎರಡು ಪಟ್ಟು, ದಪ್ಪದ್ದಾದರೆ ಒಂದೂವರೆ ಪಟ್ಟು ಇರಬೇಕು. ಉದಾಹರಣೆಗೆ, 4 ಅಡಿ ಅಗಲದ ಕಿಟಕಿಗೆ 5 ಅಡಿಯ, ಅಂದರೆ 60 ಇಂಚಿನ ಸಲಾಕೆ. ಎರಡು ಪಟ್ಟೆಂದರೆ 120 ಇಂಚು. ಅಂಗಡಿಯ ಬಟ್ಟೆಯ ಪನ್ನ 48 ಇಂಚಿದ್ದರೆ ಮೂರು ತುಂಡುಗಳು ಬೇಕು. ಒಂದೊಂದು ಪರದೆಗೆ ಒಂದೂವರೆ ತುಂಡು ಸೇರಿಸಿ ಹೊಲಿಯಬೇಕು. ಇಳಿಬೀಳುವ ಉದ್ದ 84 ಇಂಚು, ಮೇಲಿನ ಮಡಿಕೆ ಕೆಳಗಿನ ಮಡಿಕೆಗಳಿಗೆ 12 ಇಂಚು. ಒಟ್ಟು ಒಂದು ತುಂಡಿಗೆ 96 ಇಂಚು. ಮೂರು ತುಂಡಿಗೆ ಸುಮಾರು ಏಳೂಕಾಲು ಮೀಟರು. ಹತ್ತಿಯಾದರೆ ಕುಗ್ಗುವುದಕ್ಕೆಂದು ಅರ್ಧ ಮೀಟರು ಹೆಚ್ಚು ತರಬೇಕು. ಕೆಳಗಿನ ಮಡಿಕೆ ಅಗಲವಾಗಿದ್ದರೆ ಬಟ್ಟೆ ನೆಟ್ಟಗೆ ನಿಲ್ಲುತ್ತದೆ. ಮುಂದೆ ಕುಗ್ಗಿದರೂ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿಯೇ. ಹಣ ಸಾಲದಿದ್ದರೆ ಅಗ್ಗದ ಬಟ್ಟೆಯನ್ನು ತುಂಬು ಅಳತೆಯಲ್ಲಿ ತರಬೇಕೇ ಹೊರತು ದುಬಾರಿ ಬಟ್ಟೆಯನ್ನು ಕೊರತೆಯಾಗಿ ತರಬಾರದು.

ಹೊಲಿಗೆಯ ಬಗೆಗಳು ಅನೇಕ. ಸೀರೆಯ ನಿರಿಗೆಯಂತೆ ಮೇಲ್ಗಡೆ ನಿರಿಗೆ ಹಿಡಿದು ಹೊಲಿದದ್ದು ಎಲ್ಲಕ್ಕೂ ಅಂದ. ಅದಕ್ಕೆ ಬಟ್ಟೆಯೂ ಕೂಲಿಯೂ ಹೆಚ್ಚು. ಲೋಹದ ಬಳೆಗಳನ್ನು ಕೂರಿಸಿದ್ದು ಸಲೀಸಾಗಿ ಜಾರುತ್ತದೆ. ವಯಸ್ಸಾದವರ, ಮಕ್ಕಳ ಕೋಣೆಗೆ ಇದೇ ಮೇಲು. ಬಟ್ಟೆಯನ್ನೇ ಕೊಳವೆಯಂತೆ ಹೊಲಿದು ಸಲಾಕೆಗೆ ತೂರಿಸುವುದು ಕಡಿಮೆ ಖರ್ಚಿನದು. ಆದರೆ ಎಳೆಯಲು ಕಷ್ಟ, ಆದ್ದರಿಂದ ದಿನವೂ ಸರಿಸದ ಸಣ್ಣ ಕಿಟಕಿಗಳಿಗೆ ಸಾಕು. ಮೇಲಿನ ಝಾಲರು ಶೋಭೆಗೆ ಮಾತ್ರ. ಅದರ ಮೇಲೆ ಧೂಳು ಕೂರುತ್ತದೆ. ಹಗ್ಗ ಎಳೆದು ಮೇಲೆತ್ತುವ ಪಟ್ಟಿಯ ಪರದೆಗಳನ್ನು ಚಿಕ್ಕ ಮಕ್ಕಳಿರುವ ಮನೆಯವರು ಹಾಕದಿರುವುದೇ ಒಳಿತು. ಇಳಿಬಿದ್ದ ಹಗ್ಗದ ಕುಣಿಕೆ ಕೂಸಿನ ಕೊರಳಿಗೆ ಸಿಕ್ಕಿ ಪ್ರಾಣಾಪಾಯವಾಗಬಹುದು. ಹಾಕಿದ್ದರೆ ಹಗ್ಗವನ್ನು ಮಕ್ಕಳ ಕೈಗೆ ಎಟುಕದಂತೆ ಎತ್ತರದಲ್ಲಿ ಸುತ್ತಿಡಬೇಕು.

ಕೊನೆಯದಾಗಿ, ಆ ಬಟ್ಟೆಯನ್ನು ನೇಯ್ದವರ ಮಾತು. ಜೇಡರ ದಾಸಿಮಯ್ಯನವರ ಕಾಯಕ ನೇಯ್ಗೆಯಾಗಿತ್ತೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆ ಕಾಯಕದವರು ಇಂದಿಗೂ ನಮ್ಮ ಸುತ್ತಮುತ್ತ ಇದ್ದಾರೆ. ಧಾರವಾಡ ತಾಲೂಕಿನ ಗರಗ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುತ್ತದೆ; ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರಿನ ಹಾಗೂ ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅನುಮತಿ ದೊರೆತ ಮೇಲೆ ಖಾದಿಯನ್ನೇ ನಂಬಿದವರ ಚಿಂತೆ ಹೆಚ್ಚಿದೆ. ಧ್ವಜವನ್ನು ನಾವು ವರ್ಷಕ್ಕೆ ಒಂದೆರಡು ಬಾರಿ ಏರಿಸುತ್ತೇವೆ; ಮನೆಯ ಕಿಟಕಿಗೆ ವರ್ಷವಿಡೀ ಬಟ್ಟೆ ಬೇಕು. ಒಂದು ಮನೆಯ ಐದಾರು ಕಿಟಕಿಗಳಿಗೆ ಮೂವತ್ತು ನಲವತ್ತು ಮೀಟರು ಬಟ್ಟೆ ಹಿಡಿಯುತ್ತದೆ. ಅದರಲ್ಲಿ ಒಂದೆರಡು ಕಿಟಕಿಗಳಿಗಾದರೂ ಖಾದಿಯನ್ನೋ ಕೈಮಗ್ಗದ ಬಟ್ಟೆಯನ್ನೋ ತಂದರೆ ನೂಲುವವರ, ನೇಯುವವರ ಮನೆಗಳಿಗೆ ಕೆಲವು ದಿನಗಳ ದುಡಿಮೆ ದೊರೆಯುತ್ತದೆ. ಕೊಳ್ಳುವಾಗ ಖಾದಿ ಮಾರ್ಕ್ ಅಥವಾ 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಗುರುತನ್ನು ನೋಡಿಕೊಳ್ಳುವುದು ಒಳ್ಳೆಯದು.

ಹೊಸ ಮನೆಗೆ ಸಿದ್ಧರಾಗುತ್ತಿರುವ ವಾಚಕ ಬಂಧುಗಳಿಗೆ ನಮ್ಮ ವಿನಂತಿ ಇಷ್ಟೇ. ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ಕಿಟಕಿಗಳ ಪಟ್ಟಿ ಮಾಡಿರಿ. ಒಂದೊಂದರ ಮುಂದೆ ಆ ಕೋಣೆಯಲ್ಲಿ ಇರುವವರ ಹೆಸರನ್ನು ಬರೆಯಿರಿ. ಹಗಲೆಲ್ಲ ಮನೆಯೊಳಗೇ ಇರುವವರು ಯಾರೋ ಅವರ ಕಿಟಕಿಯ ಬಟ್ಟೆಯನ್ನು ಮೊದಲು ಕೊಳ್ಳಿರಿ, ಅವರನ್ನು ಕೇಳಿ ಕೊಳ್ಳಿರಿ. ಪಡಸಾಲೆಯದು ತಡವಾದರೆ ಬಾಧಕವಿಲ್ಲ. ಎರಡು ತಿಂಗಳಿಗೊಮ್ಮೆ ಪರದೆಗಳನ್ನು ಒಗೆಯಿರಿ. ಪ್ರತಿದಿನ ಮುಂಜಾನೆ ಮೊದಲು ಎದ್ದವರು ಹಿರಿಯರ ಕೋಣೆಯ ಪರದೆಯನ್ನು ಸರಿಸಿ ಬರುವ ರೂಢಿ ಮನೆಯಲ್ಲಿರಲಿ. ಅದಕ್ಕೆ ಖರ್ಚೇನೂ ಇಲ್ಲ.