ದೋಣಿ ಇಲ್ಲದ ನಾಲೆಯ ಜೊತೆ ಒಂದು ದಿನ

ಇಂಗ್ಲೆಂಡಿನಲ್ಲಿರುವ ಗೆಳೆಯ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ದ. ಏಳಡಿ ಅಗಲದ ಉದ್ದನೆಯ ದೋಣಿ, ಒಳಗೇ ಅಡುಗೆಮನೆ, ಹಾಸಿಗೆ. ಕಾಲುವೆಯಲ್ಲಿ ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಇಡೀ ದಿನ ಪಯಣ. ಅಪ್ಪನಿಗೆ ತೋರಿಸಿದೆ. ‘ನಮ್ಮಲ್ಲೂ ನಾಲೆಗಳಿದಾವಲ್ಲ, ನಡಿ, ಭಾನುವಾರ ನೋಡ್ಕೊಂಡು ಬರೋಣ’ ಅಂದರು. ದೋಣಿ ಬದಲು ನನ್ನ ಸ್ಕೂಟರ್.

ಮೊದಲ ನಾಲೆ ಮೈಸೂರಿನಲ್ಲೇ ಸಿಕ್ಕಿತು, ಆದರೆ ಕಣ್ಣಿಗೆ ಕಾಣಲಿಲ್ಲ! ಕಾವೇರಿ ನೀರನ್ನು ಊರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯ 19ನೇ ಶತಮಾನದ ಆರಂಭದಲ್ಲಿ ನಾಲೆ ತೋಡಿಸಿದ್ದರು. ನೀರು ಬರಲಿಲ್ಲ. ನಾಲೆ ಕೊಳಚೆ ಹರಿಯುವ ಚರಂಡಿಯಾಯಿತು. ಕೊನೆಗೆ ಊರೊಳಗಿನ ಭಾಗವನ್ನು ಮುಚ್ಚಿ ಸಯ್ಯಾಜಿರಾವ್ ರಸ್ತೆ ಮಾಡಿದರು. ಜಂಬೂಸವಾರಿ ಹೋಗೋದು ಅದೇ ದಾರಿಯಲ್ಲಿ. ಊರು ನದಿಗಿಂತ ಎತ್ತರದಲ್ಲಿದೆ. ಹಾಗಾಗಿ ಇವತ್ತಿಗೂ ಬೆಳಗೊಳ, ಹೊಂಗಳ್ಳಿ ಕಡೆಯಿಂದ ಪಂಪ್ ಮಾಡಿದರೇನೇ ನಮ್ಮ ನಲ್ಲಿಗೆ ಕಾವೇರಿ.

ಶ್ರೀರಂಗಪಟ್ಟಣದಲ್ಲಿ ಇಡ್ಲಿ ತಿಂದು ಬಂಗಾರದೊಡ್ಡಿ ನಾಲೆಗೆ ಹೋದೆವು. ರಣಧೀರ ಕಂಠೀರವ ನರಸರಾಜ ಒಡೆಯರ (1638–1659) ಕಾಲದ್ದು. ನದಿಯ ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆ. ಕೆಳಗೂ ನೀರು, ಮೇಲೂ ನೀರು. ಪಂಪಿಲ್ಲ, ಕರೆಂಟಿಲ್ಲ. ಬರೀ ಇಳಿಜಾರಿನ ಲೆಕ್ಕಾಚಾರ. ಎಂಜಿನಿಯರಿಂಗ್ ಓದಿದ ನಾನು ಸುಮ್ಮನೆ ನಿಂತು ನೋಡಿದೆ.

ಅಲ್ಲಿಂದ ಪಾಂಡವಪುರದ ಕಡೆ, ವಿಶ್ವೇಶ್ವರಯ್ಯ ನಾಲೆಗೆ. ಮೊದಲು ಇದರ ಹೆಸರು ಇರ್ವಿನ್ ನಾಲೆ. ಕೆಆರ್‌ಎಸ್‌ನಿಂದ ಹೊರಟು, ಹುಲಿಕೆರೆ ಸುರಂಗದಲ್ಲಿ ಎರಡೂವರೆ ಕಿಲೋಮೀಟರ್‌ಗೂ ಹೆಚ್ಚು ದೂರ ನೆಲದೊಳಗೇ ಸಾಗಿ, ಮಂಡ್ಯದ ಗದ್ದೆಗಳಿಗೆ ಹೋಗುತ್ತೆ. ನೀರು ತುಂಬಿ ಹರೀತಿತ್ತು. ಏರಿ ಮೇಲೆ ಕೆಲವು ಕಡೆ ತಡೆಗೋಡೆ ಇದೆ, ಕೆಲವು ಕಡೆ ಇಲ್ಲ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಆ ದಾರಿಯಲ್ಲಿ ಅಪ್ಪ ‘ನಿಧಾನ ಕಣೋ’ ಅಂತ ಎಷ್ಟು ಸಲ ಅಂದರೋ!

‘ಇಲ್ಲೂ ದೋಣಿ ಬಿಡಬಹುದಿತ್ತಲ್ಲ?’ ಅಂದೆ.

‘ಅಲ್ಲಿ ನೀರಿನ ಮೇಲೆ ದೋಣಿ ಹೋಗುತ್ತೆ. ಇಲ್ಲಿ ನೀರೇ ಹೋಗ್ಬೇಕು. ದೋಣಿಗೆ ಅಂತ ಇಲ್ಲೇ ನಿಲ್ಲಿಸ್ಕೊಂಡ್ರೆ ನಮ್ಮೂರಿಗೆ ಏನು ಬರುತ್ತೆ?’

ಇಂಗ್ಲೆಂಡಿನ ಕಾಲುವೆಗಳನ್ನು ತೋಡಿದ್ದು ಕಲ್ಲಿದ್ದಲು, ಸರಕು ಸಾಗಿಸೋಕೆ. ನೀರು ಹೆಚ್ಚುಕಡಿಮೆ ನಿಂತೇ ಇರುತ್ತೆ. ನಮ್ಮದು ಬೇಸಾಯಕ್ಕೆ. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ನಾಲೆಯ ಕೊನೇ ಭಾಗ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟರೆ ಮೇಲಿನವರ ತೂಬುಗಳನ್ನೆಲ್ಲ ದಾಟಿ ನಮ್ಮ ಗದ್ದೆಗೆ ಬರೋ ಹೊತ್ತಿಗೆ ಕೆಲವು ಸಲ ಕಟ್ಟೇ ಮುಗಿದಿರುತ್ತೆ. ‘ಈ ಗೋಳೇ ಬೇಡ, ಮಾರಿಬಿಡೋಣ’ ಅಂತ ಚಿಕ್ಕಪ್ಪ ಎರಡು ವರ್ಷದಿಂದ ಹೇಳ್ತಿದ್ದಾರೆ. ನಾನೂ ‘ಹೂಂ’ ಅಂದಿದ್ದೆ. ಕೆಆರ್‌ಎಸ್ 124.80 ಅಡಿ ತುಂಬಿದರೆ ಸ್ಟೇಟಸ್ ಹಾಕ್ತಿದ್ದೆನೇ ಹೊರತು, ಆ ನೀರು ನಮ್ಮೂರು ಮುಟ್ಟಿತಾ ಅಂತ ಒಂದು ದಿನವೂ ಕೇಳಿರಲಿಲ್ಲ.

ಏರಿ ಮೇಲೆ ನಿಂತೇ ಅಪ್ಪ ಊರಿಗೆ ಫೋನ್ ಮಾಡಿದರು. ‘ಬಂತಾ?’ ‘ಇನ್ನೂ ಇಲ್ಲ.’

ನೀವೂ ಹೋಗೋದಾದರೆ ನಾಲೆಗೆ ನೀರು ಬಿಟ್ಟಿರುವಾಗ, ಬೆಳಗ್ಗೆಯೇ ಹೋಗಿ. ಈಜು ಬಂದರೂ ನೀರಿಗಿಳಿಯಬೇಡಿ, ಸೆಳೆತ ಜೋರು. ಕತ್ತಲಾದ ಮೇಲೆ ಏರಿ ಮೇಲೆ ಗಾಡಿ ಬೇಡ.

ಬುಧವಾರ ರಾತ್ರಿ ಚಿಕ್ಕಪ್ಪ ಫೋನ್ ಮಾಡಿದರು. ‘ನೀರು ಬಂತು ಕಣಪ್ಪ, ನಾಳೆ ಒಟ್ಲು ಹಾಕ್ತೀವಿ.’ ಮಾರೋ ಮಾತು ಸದ್ಯಕ್ಕೆ ಸುಗ್ಗಿವರೆಗೆ ಮುಂದಕ್ಕೆ ಹೋಗಿದೆ.